ಒಂಬತ್ತು ಹೊರಟಿತು

ನನ್ನ ಗಂಡ ಓರಿನ್ ಟಾಸ್ಕರ್ ಕಡಿಮೆ ಮಾತಿನವನು. ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ಅವನು ಆಡಿದ ಮಾತನ್ನೆಲ್ಲ ಒಟ್ಟು ಹಾಕಿದರೆ ನಾನು ಒಂದು ವಾರದಲ್ಲಿ ಆಡಿ ಮುಗಿಸುತ್ತೇನೆ. ಆದರೆ ಬೇರೆಯವರ ಮಾತು ಕೇಳುವುದೆಂದರೆ ಅವನಿಗೆ ಪ್ರಾಣ. ಅದಕ್ಕೆಂದೇ ಒಂದು ಸ್ಕ್ಯಾನರ್ ಇಟ್ಟುಕೊಂಡಿದ್ದಾನೆ. ಪೊಲೀಸರು, ಆಂಬುಲೆನ್ಸಿನವರು, ಬೆಂಕಿ ಆರಿಸುವವರು ತಮ್ಮತಮ್ಮಲ್ಲಿ ರೇಡಿಯೊ ಮೇಲೆ ಆಡುವ ಮಾತನ್ನು ಹಿಡಿದು ಕೇಳಿಸುವ, ಇಟ್ಟಿಗೆಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ ಅದು. ನಮ್ಮ ಪಿಕಪ್ ಗಾಡಿಯಲ್ಲಿ ಅದಕ್ಕೆ ನನಗಿಂತ ಒಳ್ಳೆಯ ಜಾಗವಿದೆ. ನಾನು ಅದನ್ನು ಸವತಿ ಎಂದೇ ಕರೆಯುವುದು.

ತಿಂಗಳ ಮೊದಲ ಶುಕ್ರವಾರ ನಾವು ನಮ್ಮ ಊರು ಬಿಲ್ಲಿಂಗ್ಸ್‌ನಿಂದ ಹೊರಟು ಐದು ಗಂಟೆ ದೂರದಲ್ಲಿರುವ ಮಗಳ ಮನೆಗೆ ಹೋಗುತ್ತೇವೆ, ಭಾನುವಾರ ತಿರುಗಿ ಬರುತ್ತೇವೆ. ಗಾಡಿ ಓಡಿಸುವವಳು ನಾನು. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳ ಕೈಗೆ ಬೇರೆ ಯಾರು ಚಕ್ರ ಹಿಡಿದರೂ ಸಮಾಧಾನವಿಲ್ಲ. ಓರಿನ್ ಪಕ್ಕದಲ್ಲಿ ಕೂತು ಕೇಳುತ್ತಾನೆ, ಕೇಳಿದ್ದನ್ನು ಸುರುಳಿ ತಂತಿಯ ಪುಸ್ತಕದಲ್ಲಿ ಬರೆಯುತ್ತಾನೆ. ಹಿಂದಿನ ಸಂಜೆಯೇ ಊಟದ ಮೇಜಿನ ಮೇಲೆ ಭೂಪಟ ಹರಡಿ, ದಾರಿಯಲ್ಲಿ ಸಿಗುವ ಒಂದೊಂದು ಕೌಂಟಿಯ, ಎಂದರೆ ಜಿಲ್ಲೆಯ, ಚಾನೆಲ್ಲನ್ನೂ ಪೆಟ್ಟಿಗೆಯೊಳಗೆ ತುಂಬಿಸಿರುತ್ತಾನೆ. ಮಿಕ್ಕವರ ಗಂಡಂದಿರು ದಾರಿಯಲ್ಲಿ ಬೆಟ್ಟ ನೋಡುತ್ತಾರೆ, ಜಿಂಕೆ ನೋಡುತ್ತಾರೆ. ನನ್ನ ಗಂಡ ಎಂಬತ್ತೆಂಟನೇ ಮೈಲಿಗಲ್ಲಿನ ಹತ್ತಿರ ಯಾರದೋ ಹಸುಗಳು ರಸ್ತೆಗೆ ಇಳಿದಿವೆ ಎಂಬುದನ್ನು ಕೇಳುತ್ತಾನೆ.

ಅವನಿಗೆ ಒಂದು ಕಟ್ಟುಪಾಡಿದೆ. ಒಮ್ಮೆ ಯಾವುದೋ ಊರಿನಲ್ಲಿ ಅಜ್ಜಿಯೊಬ್ಬಳು ಸ್ನಾನದ ಮನೆಯಲ್ಲಿ ಬಿದ್ದಿದ್ದಳು. ಬೀಗದ ಕೈ ಹೂಕುಂಡದ ಕೆಳಗಿದೆ ಎಂದು ಕಂಟ್ರೋಲ್ ರೂಮಿನವರು ಹೇಳಿದರು. ಮಗಳ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಅದನ್ನು ಹೇಳಲು ಬಾಯಿ ತೆರೆದೆ. ಓರಿನ್ ಚಮಚ ಕೆಳಗಿಟ್ಟ.

"ಗಾಡೀಲಿ ಕೇಳಿದ್ದು ಗಾಡೀಲೇ ಇರ್ಲಿ, ಲವಾನ್. ಅವಳೇನು ನಮಗೆ ಹೇಳಿದ್ಲಾ?"

ಅಂದಿನಿಂದ ನಾನೂ ಬಾಯಿ ಕಟ್ಟಿಕೊಂಡೆ. ನನ್ನಂಥವಳಿಗೆ ಅದು ಎಂಥ ವ್ರತ ಎಂಬುದು ನನಗೊಬ್ಬಳಿಗೇ ಗೊತ್ತು.

ದಾರಿಯ ನಡುವೆ ಕೆಟ್ರಿಕ್ ಕೌಂಟಿ ಸಿಗುತ್ತದೆ. ಅಲ್ಲಿ ಸ್ಪೆನ್ಸ್ ದಿಣ್ಣೆಯ ನೆತ್ತಿಯಲ್ಲಿ ಒಂದು ಸಿಮೆಂಟಿನ ಮೇಜು, ಎರಡು ಬೆಂಚು. ಆರು ವರ್ಷದಿಂದ ನಮ್ಮ ಮಧ್ಯಾಹ್ನದ ಊಟ ಅಲ್ಲೇ. ಮೊಟ್ಟೆಯ ಸ್ಯಾಂಡ್‌ವಿಚ್, ಸೌತೆಕಾಯಿ ಉಪ್ಪಿನಕಾಯಿ, ಫ್ಲಾಸ್ಕಿನ ಕಾಫಿ. ಊಟದ ಹೊತ್ತಿಗೆ ಸ್ಕ್ಯಾನರಿನ ದನಿ ತಗ್ಗಿಸಬೇಕೆಂಬುದು ನನ್ನ ಕಟ್ಟುಪಾಡು. ನಾನು ತಿರುಪನ್ನು ಕೆಳಗೆ ತಿರುಗಿಸುವುದು, ನಾನು ಫ್ಲಾಸ್ಕಿನ ಕಡೆ ತಿರುಗಿದಾಗ ಅವನು ಮೇಲಕ್ಕೆ ತಿರುಗಿಸುವುದು, ಇದು ನಡೆದೇ ಇರುತ್ತಿತ್ತು.

ದಿಣ್ಣೆಯ ಮೇಲೆ ಎರಡೂ ಕಡೆಯ ದನಿ ಚೆನ್ನಾಗಿ ಸಿಗುತ್ತದೆ. ಪಡುವಣಕ್ಕೆ ಐವತ್ತು ಮೈಲಿ ದೂರದಲ್ಲಿ ಕೌಂಟಿಯ ಕಂಟ್ರೋಲ್ ರೂಮು. ಮೂಡಣದ ತಗ್ಗಿನಲ್ಲಿ ವಿಸ್ಟರ್ ಎಂಬ ಊರು, ಅಲ್ಲಿ ಒಂಬತ್ತನೇ ನಂಬರಿನ ಅಗ್ನಿಶಾಮಕ ಠಾಣೆ. ಹೆಸರಿಗೆ ಠಾಣೆ, ಇರುವುದು ಒಂದು ಹಳೆಯ ಟ್ರಕ್ಕು, ಏಳು ಜನ ಊರವರು. ಸಂಬಳ ಯಾರಿಗೂ ಇಲ್ಲ, ಬೆಂಕಿ ಬಿತ್ತೆಂದರೆ ಕೈಲಿದ್ದ ಕೆಲಸ ಬಿಟ್ಟು ಓಡುವವರು. ಒಂದೊಂದು ಠಾಣೆಯನ್ನು ಕರೆಯಲು ಕಂಟ್ರೋಲ್ ರೂಮು ಒಂದೊಂದು ಜೋಡಿ ಸ್ವರ ಬಾರಿಸುತ್ತದೆ. ಒಂಬತ್ತಕ್ಕೆ ಮೊದಲು ತಗ್ಗು ಸ್ವರ, ಆಮೇಲೆ ಎತ್ತರದ್ದು. ಹಸು ಕೂಗಿದ ಮೇಲೆ ಕರು ಓಗೊಟ್ಟ ಹಾಗೆ. ಅದಾದ ಅರೆ ನಿಮಿಷಕ್ಕೆ ಒಬ್ಬ ಹೆಂಗಸಿನ ಒರಟು ದನಿ ಬರುತ್ತಿತ್ತು.

"ಒಂಬತ್ತು, ಟ್ರಕ್ ಒಂದು. ಹೊರಟಿತು. ಇಬ್ಬರು."

ಅಷ್ಟೇ. ಒಮ್ಮೊಮ್ಮೆ ಮೂವರು, ಒಮ್ಮೆ "ನಾನೊಬ್ಬಳೇ". ಹೆಚ್ಚಿಗೆ ಒಂದು ಅಕ್ಷರವಿಲ್ಲ. ಎಲ್ಲ ದನಿಗಳಲ್ಲಿ ನನಗೆ ಆ ಒಂದು ದನಿ ಹಿಡಿಸಿಬಿಟ್ಟಿತ್ತು. ನಾನು ಅವಳಿಗೆ ಎತ್ತರದ ಮೈಕಟ್ಟು, ಕೆಂಪು ಕೂದಲು, ಹೇಳಿದ ಮಾತು ಕೇಳದ ಒಬ್ಬ ಗಂಡನನ್ನೂ ಕಟ್ಟಿಕೊಟ್ಟಿದ್ದೆ. ಅವಳು ಹೊರಟಳು ಎಂದರೆ ಸವತಿಯ ದನಿಯನ್ನು ನಾನೇ ಜೋರು ಮಾಡುತ್ತಿದ್ದೆ.

ಕಳೆದ ವರ್ಷದಿಂದ ಒಂದು ಬದಲಾವಣೆ ಆಗಿತ್ತು. ಮೊದಲೆಲ್ಲ ಅವಳು ಹೊರಟಿತು ಎಂದೊಡನೆ ಕಂಟ್ರೋಲ್ ರೂಮು "ಒಂಬತ್ತು, ಕೇಳಿಸಿತು" ಎನ್ನುತ್ತಿತ್ತು. ಈಗ ಅದಿಲ್ಲ. ಎರಡು ನಿಮಿಷ ಬಿಟ್ಟು ಅದೇ ಜೋಡಿ ಸ್ವರವನ್ನು ಇನ್ನೊಮ್ಮೆ ಬಾರಿಸುತ್ತಿದ್ದರು.

"ಅದ್ಯಾಕೆ ಅವಳಿಗೆ ಉತ್ತರಾನೇ ಕೊಡಲ್ಲ ಇವರು? ದುರಹಂಕಾರವಾ?" ಎಂದು ಕೇಳಿದೆ.

"ಕೌಂಟಿಗೊಂದು ಪದ್ಧತಿ," ಎಂದ ಓರಿನ್. "ಕೆಲವರು ಉತ್ತರ ಕೊಡೋದು ಬಿಟ್ಟಿದಾರೆ. ಎರಡನೇ ಸಲ ಬಾರ್ಸಿದ್ರೆ ಇನ್ನಷ್ಟು ಜನ ಬನ್ನಿ ಅಂತ."

ಇಷ್ಟು ಹೇಳಿ ಪುಸ್ತಕದ ಅಂಚಿನಲ್ಲಿ ಒಂದು ಸಣ್ಣ ಸೊನ್ನೆ ಹಾಕಿದ. ಉತ್ತರ ಬಾರದಿದ್ದರೆ ಅವನು ಹಾಕುವ ಗುರುತು ಅದು. ನಾನು ಉಪ್ಪಿನಕಾಯಿ ಕಚ್ಚಿದೆ. ಇಬ್ಬರೂ ಆ ಸೊನ್ನೆಯನ್ನು ಅಲ್ಲಿಗೇ ಬಿಟ್ಟೆವು.

ಈ ಆಗಸ್ಟಿನ ಮೊದಲ ಶುಕ್ರವಾರ ದಿಣ್ಣೆಯ ಕೆಳಗೆ ರಸ್ತೆ ಅಗೆದಿದ್ದರು. ಬಾವುಟ ಹಿಡಿದವನು ನಮ್ಮನ್ನು ವಿಸ್ಟರ್ ಊರಿನ ಮೇಲೆ ತಿರುಗಿಸಿದ. ಆರು ವರ್ಷ ಆ ಊರನ್ನು ಕಿವಿಯಿಂದ ಕಂಡಿದ್ದೆವು, ಕಣ್ಣಿಂದ ಅದೇ ಮೊದಲು. ಧಾನ್ಯದ ಎತ್ತರದ ಕಣಜ, ಚರ್ಚು, ಒಂದು ಅಂಚೆ ಕಚೇರಿ, ಒಂದು ಹೋಟೆಲು. ಹಸಿವಾಗಿತ್ತು, ಹೋಟೆಲಿಗೆ ಹೋದೆವು. ಕಾಳು, ಮಾಂಸ ಹಾಕಿ ಬೇಯಿಸಿದ ಬಿಸಿ ಚಿಲ್ಲಿ, ಅದರ ಪಕ್ಕಕ್ಕೆ ದಾಲ್ಚಿನ್ನಿಯ ಸಿಹಿ ರೋಲು. ಎರಡನೇ ತುತ್ತು ಬಾಯಿಗಿಡುವಾಗ ನನ್ನ ಬೆನ್ನ ಹಿಂದೆ ಯಾರೋ ಹೇಳಿದರು.

"ಕಾಫಿ. ಎರಡು. ಹೊರಟೆ."

ಓರಿನ್‌ನ ಚಮಚ ಗಾಳಿಯಲ್ಲೇ ನಿಂತಿತು. ನಾನು ತಿರುಗಿ ನೋಡಿದೆ. ಕುಳ್ಳಗಿನ, ಗುಂಡಗಿನ ಹೆಂಗಸು. ವಯಸ್ಸು ಅರವತ್ತರ ಆಚೀಚೆ, ನರೆತ ಜಡೆ, ಸೊಂಟದಲ್ಲಿ ಕರೆ ಬಂದರೆ ಕೂಗುವ ಪೇಜರು. ಕೆಂಪು ಕೂದಲಿನ ಸುಳಿವೇ ಇಲ್ಲ. ಆದರೆ ದನಿ ಅದೇ.

ನಾನು ಎದ್ದೇ ನಿಂತೆ. "ನೀವು ಒಂಬತ್ತು, ಟ್ರಕ್ ಒಂದು ಅಲ್ವಾ?"

ಅವಳು ನನ್ನನ್ನು ಕಾಲಿಂದ ತಲೆಯವರೆಗೆ ಅಳೆದಳು. "ನೀವ್ಯಾರು? ಕೌಂಟಿಯವರಾ? ಸಭೆ ಎರಡು ಗಂಟೆಗೆ. ಅಲ್ಲೇ ಬಯ್ಯಿರಿ, ಇಲ್ಲಿ ಬೇಡ."

"ಅಯ್ಯೋ, ನಾವ್ಯಾಕೆ ಬಯ್ಯೋಣ! ಆರು ವರ್ಷದಿಂದ ನಿಮ್ಮನ್ನ ಕೇಳ್ತಿದೀವಿ. ಸ್ಪೆನ್ಸ್ ದಿಣ್ಣೆ ಮೇಲೆ ಕೂತು, ಇವನ ಸ್ಕ್ಯಾನರಲ್ಲಿ."

"ಈಗಲೂ?" ಎಂದಳು. "ಈ ವರ್ಷಾನೂ? ನನ್ನ ದನಿ ನಿಮಗೆ ಕೇಳ್ಸುತ್ತಾ?"

"ಗಂಟೆ ಹೊಡೆದ ಹಾಗೆ ಕೇಳ್ಸುತ್ತೆ."

ಅವಳು ಎರಡೂ ಕಾಫಿಯನ್ನು ನಮ್ಮ ಮೇಜಿನ ಮೇಲಿಟ್ಟು, ಕರೆಯದೆಯೇ ಕುರ್ಚಿ ಎಳೆದುಕೊಂಡು ಕೂತಳು. ಹೆಸರು ಆರ್ಡಿತ್ ಕ್ವಾಲೆ ಎಂದಳು. ಒಂಬತ್ತನೇ ಠಾಣೆಗೆ ಹತ್ತೊಂಬತ್ತು ವರ್ಷದಿಂದ ಅವಳೇ ಮುಖ್ಯಸ್ಥೆ, ಅವಳಿಗೆ ಮೊದಲು ಅವಳ ಅಪ್ಪ. ಈ ದಿನ ಎರಡು ಗಂಟೆಗೆ ಕೌಂಟಿಯ ಆಡಳಿತ ನಡೆಸುವ ಮೂವರು ಕಮಿಷನರುಗಳು ಬಂದು ಠಾಣೆಯನ್ನು ಮುಚ್ಚಲು ಕೈ ಎತ್ತುವವರಿದ್ದರು. ಕಾರಣ: ಹದಿನಾರು ತಿಂಗಳಲ್ಲಿ ಹದಿನಾಲ್ಕು ಸಲ ಕರೆದರೂ ಒಂಬತ್ತು ಓಗೊಡಲಿಲ್ಲ. ಮುಚ್ಚಿದರೆ ಟ್ರಕ್ಕನ್ನು ಸಂಜೆಯೇ ಒಯ್ಯುತ್ತಾರೆ. ಆಮೇಲೆ ಹತ್ತಿರದ ಠಾಣೆಯೆಂದರೆ ನಲವತ್ತು ನಿಮಿಷದ ದಾರಿ. ಆಗಸ್ಟಿನ ಒಣ ಹುಲ್ಲಿಗೆ ಹತ್ತು ನಿಮಿಷವೂ ಬೇಡ.

"ಹದಿನಾಲ್ಕಕ್ಕೆ ಹದಿನಾಲ್ಕೂ ಹೋಗಿದೀನಿ," ಎಂದಳು ಆರ್ಡಿತ್. "ಪ್ರತಿ ಸಲ ವರದಿ ಬರ್ದು ಕಳ್ಸಿದೀನಿ. ಅವರು ಹೇಳ್ತಾರೆ, ನಿಮ್ಮ ದನಿ ನಮ್ಮ ಟೇಪಲ್ಲೇ ಇಲ್ಲ, ಮನೇಲಿ ಕೂತು ಬರ್ದಿದೀರಾ ಅಂತ. ಊರವರು ಸಾಕ್ಷಿ ಹೇಳಿದ್ರೆ, ಊರವರು ಊರವರ ಪರಾನೇ ಅಂತಾರೆ. ನನ್ನ ಅಪ್ಪ ಕಟ್ಟಿದ ಠಾಣೇಲಿ ನನ್ನನ್ನ ಸುಳ್ಳಿ ಅಂದ್ರು."

"ಅವರು ಉತ್ತರ ಕೊಡ್ತಿಲ್ಲ ಅನ್ನೋದು ನಿಮಗೆ ಗೊತ್ತಾಗ್ಲಿಲ್ವಾ?" ಎಂದು ಕೇಳಿದೆ.

"ನಾನು ಕಾಯೋದೇ ಇಲ್ವಲ್ಲ! ಅಪ್ಪ ಕಲ್ಸಿದ್ದು ಅದು: ಒಂದ್ಸಲ ಹೇಳು, ಬಾಯ್ಮುಚ್ಚು, ಓಡು. ಸೈರನ್ ಶುರುವಾದ್ಮೇಲೆ ಏನು ಕೇಳ್ಸುತ್ತೆ? ಎರಡನೇ ಸಲ ಬಾರ್ಸಿದ್ರೆ ಇನ್ನೂ ಜನ ಬೇಕೇನೋ ಅಂತ ಇನ್ನಿಬ್ಬರು ಹಿಂದಿಂದ ಬರ್ತಿದ್ರು."

ಓರಿನ್ ಚಿಲ್ಲಿಯ ಬಟ್ಟಲನ್ನೇ ನೋಡುತ್ತಿದ್ದ. "ಎರಡನೇ ಸಲ ಬಾರ್ಸಿದ್ದು ಜನಕ್ಕಲ್ಲ," ಎಂದ ಮೆಲ್ಲಗೆ. "ನೀವು ಓಗೊಡಲಿಲ್ಲ ಅಂತ. ಅವರಿಗೆ ನೀವು ಕೇಳ್ಸೇ ಇಲ್ಲ. ಕಳೆದ ವರ್ಷ ಏನಾದ್ರೂ ಬದಲಾಯ್ಸಿದ್ರಾ?"

"ಏಪ್ರಿಲ್‌ನಲ್ಲಿ ದಿಣ್ಣೆ ಮೇಲಿದ್ದ, ದನಿ ಹಿಡಿದು ಆಚೆ ದಾಟಿಸೋ ಹಳೇ ರೇಡಿಯೊ ಕಂಬ ಬಿಚ್ಚಿದ್ರು. ಕೌಂಟಿ ಕಚೇರಿ ಹತ್ರ ಹೊಸದು, ದೊಡ್ಡದು ನಿಲ್ಸಿದ್ರು. ನನಗಂತೂ ಅವರ ದನಿ ಮೊದಲಿಗಿಂತ ಚೆನ್ನಾಗಿ ಕೇಳ್ಸುತ್ತೆ."

ಅಲ್ಲಿಗೆ ಎಲ್ಲ ತಿಳಿಯಿತು. ಕೌಂಟಿಯ ಹೊಸ ಕಂಬದ ಗಂಟಲು ದೊಡ್ಡದು, ದಿಣ್ಣೆ ದಾಟಿ ಕೂಗುತ್ತದೆ. ತಗ್ಗಿನಲ್ಲಿರುವ ಹಳೆಯ ಟ್ರಕ್ಕಿನ ದನಿ ದಿಣ್ಣೆ ಹತ್ತಿ ಅಲ್ಲೇ ಸುಸ್ತಾಗುತ್ತದೆ. ಆ ಹದಿನಾರು ತಿಂಗಳು ಅದನ್ನು ಕೇಳಿಸಿಕೊಳ್ಳಲು ದಿಣ್ಣೆಯ ಮೇಲೆ ಇದ್ದವರು ಸ್ಯಾಂಡ್‌ವಿಚ್ ತಿನ್ನುವ ನಾವಿಬ್ಬರೇ.

"ಪುಸ್ತಕ ತಗೊಂಡ್ಬಾ," ಎಂದೆ ಓರಿನ್‌ಗೆ.

ಅವನು ಅಲುಗಲಿಲ್ಲ. "ಗಾಡೀಲಿ ಕೇಳಿದ್ದು..."

"ಏನ್ ಮಾರಾಯ, ಇವಳ ಮನೆ ಉರೀತಿರೋವಾಗ್ಲೂ ಅದೇ ಮಂತ್ರ ಹೇಳ್ತೀಯಾ?" ಹೋಟೆಲಿನವರೆಲ್ಲ ನಮ್ಮ ಕಡೆ ತಿರುಗಿದರು. ನನಗೆ ನಾಚಿಕೆ ಇಲ್ಲ, ಎಂದೂ ಇರಲಿಲ್ಲ. ಆದರೆ ಅವನ ಕಣ್ಣು ನೋಡಿ ಸುಮ್ಮನಾದೆ. ಮೂವತ್ತು ವರ್ಷ ಕಾದುಕೊಂಡು ಬಂದ ಮಾತನ್ನು ಮುರಿಯುವುದು ಅವನಿಗೆ ಸುಲಭವಾಗಿರಲಿಲ್ಲ. ಚಮಚದಿಂದ ಬಟ್ಟಲಿನ ಅಂಚನ್ನು ಎರಡು ಸಲ ಸವರಿದ.

"ಇದು ಬೇರೆಯವರ ಮನೆ ಮಾತಲ್ಲ," ಎಂದ ಕೊನೆಗೆ, ತನಗೇ ಹೇಳಿಕೊಳ್ಳುವಂತೆ. "ಇವರದೇ ಮಾತು. ಇವರಿಗೇ ವಾಪಸ್ ಕೊಡ್ತಿದೀನಿ."

ಎದ್ದು ಗಾಡಿಗೆ ಹೋದ.

ಸಭೆ ನಡೆದದ್ದು ಠಾಣೆಯಲ್ಲೇ. ಟ್ರಕ್ಕನ್ನು ಹೊರಗೆ ನಿಲ್ಲಿಸಿ, ಅದರ ಜಾಗದಲ್ಲಿ ಮಡಚುವ ಕುರ್ಚಿ ಹಾಕಿದ್ದರು. ಊರಿಗೆ ಊರೇ ಬಂದಿತ್ತು. ಎಂದರೆ ಅರವತ್ತು ಜನ. ಎದುರಿಗೆ ಉದ್ದನೆಯ ಮೇಜು, ಮೂವರು ಕಮಿಷನರುಗಳು. ನಡುವೆ ಕೂತವರು ಪ್ರೂವಿಟ್ ಎಂಬ ತೆಳ್ಳನೆಯ ಮನುಷ್ಯ. ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಆದರೆ ಕಾಗದದಲ್ಲಿ ಬರೆದದ್ದನ್ನು ದೇವರ ಮಾತು ಎಂದು ನಂಬುವ ಜಾತಿ. ಒಂದೊಂದು ತಾರೀಕನ್ನೂ ಓದಿದರು: ಕರೆದದ್ದು ಇಷ್ಟು ಗಂಟೆಗೆ, ಒಂಬತ್ತರಿಂದ ಉತ್ತರವಿಲ್ಲ, ಎರಡನೇ ಕರೆ, ಉತ್ತರವಿಲ್ಲ, ನಾಲ್ಕನೇ ಠಾಣೆಯನ್ನು ಕಳಿಸಲಾಯಿತು, ದಾರಿಯಲ್ಲಿರುವಾಗಲೇ ಜಮೀನಿನವರು ಫೋನು ಮಾಡಿ ಬೆಂಕಿ ಆರಿದೆ ಎಂದರು, ನಾಲ್ಕನೆಯವರು ಹಿಂದಿರುಗಿದರು. ಹದಿನಾಲ್ಕು ಸಲವೂ ಅದೇ ಕತೆ.

ನನಗೆ ತಡೆಯಲಾಗಲಿಲ್ಲ. "ಎಷ್ಟು ಸಂಭಾವಿತ ಬೆಂಕಿ ಸ್ವಾಮಿ ನಿಮ್ಮ ಕೌಂಟೀದು!" ಎಂದು ಹಿಂದಿನ ಸಾಲಿನಿಂದ ಕೂಗಿದೆ. "ಹದಿನಾಲ್ಕೂ ತಾನಾಗೇ ಆರಿಹೋಯ್ತಾ? ನಮ್ಮ ಊರಿನ ಬೆಂಕಿಗೆ ಸ್ವಲ್ಪ ಬುದ್ಧಿ ಹೇಳಿ ಕಳ್ಸಿ."

ಜನ ನಕ್ಕರು. ಪ್ರೂವಿಟ್ ಮರದ ಸುತ್ತಿಗೆ ಬಡಿದರು. "ತಾವು ಯಾರು?"

"ಲವಾನ್ ಟಾಸ್ಕರ್. ಬಿಲ್ಲಿಂಗ್ಸ್‌ನವಳು. ಈ ಊರಲ್ಲಿ ನನಗೆ ಅಣ್ಣ ಇಲ್ಲ, ತಮ್ಮ ಇಲ್ಲ, ಸೇರಿನಷ್ಟು ಗೋಧೀನೂ ಇಲ್ಲ. ನಾನು ಯಾರ ಪರಾನೂ ಅಲ್ಲ. ಆದ್ರೆ ಕಿವಿ ಇದೆ."

ಪುಸ್ತಕವನ್ನು ಹಿಡಿದುಕೊಂಡು ಮುಂದೆ ಹೋದೆ. ನಾವು ತಿಂಗಳಿಗೆ ಎರಡು ದಿನ ಹಾದುಹೋಗುವವರು, ಹದಿನಾಲ್ಕರಲ್ಲಿ ನಮಗೆ ಸಿಕ್ಕಿದ್ದು ಮೂರು. ಕಳೆದ ವರ್ಷ ಜೂನ್ ಎರಡು, ಮಧ್ಯಾಹ್ನ ಹನ್ನೆರಡು ನಲವತ್ತೊಂದು: 'ಒಂಬತ್ತು ಹೊರಟಿತು, ಇಬ್ಬರು.' ಆಗಸ್ಟ್ ನಾಲ್ಕು, ಒಂದು ಗಂಟೆ ಆರು ನಿಮಿಷ: 'ಒಂಬತ್ತು ಹೊರಟಿತು, ಮೂವರು.' ಈ ವರ್ಷ ಮೇ ಐದು, ಹನ್ನೆರಡು ಐವತ್ತೆಂಟು: 'ಒಂಬತ್ತು ಹೊರಟಿತು, ಒಬ್ಬಳೇ.' ಒಂದೊಂದರ ಅಂಚಿನಲ್ಲೂ ಒಂದು ಸಣ್ಣ ಸೊನ್ನೆ. ಪ್ರೂವಿಟ್ ತಮ್ಮ ಕಡತದಿಂದ ಆರ್ಡಿತ್‌ಳ ವರದಿಗಳನ್ನು ತೆಗೆದು ಪಕ್ಕದಲ್ಲಿಟ್ಟರು. ನಿಮಿಷಕ್ಕೆ ನಿಮಿಷ, ತಲೆಗೆ ತಲೆ ಸರಿಹೋಯಿತು. ಎಡಗಡೆಯ ಕಮಿಷನರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಪ್ರೂವಿಟ್ ಎರಡನ್ನೂ ಇನ್ನೊಮ್ಮೆ ಹೋಲಿಸಿದರು. ಆಮೇಲೆ ಪುಸ್ತಕವನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. "ಅಮ್ಮಾ, ನಿಮ್ಮನ್ನ ನಾನು ಸುಳ್ಳಿ ಅನ್ನಲ್ಲ. ಆದ್ರೆ ಇದೂ ಕಾಗದಾನೇ. ಇವರ ವರದಿ ನೋಡ್ಕೊಂಡು ಇವತ್ತೇ ಹೋಟೆಲಲ್ಲಿ ಕೂತು ಬರೀಬಹುದಿತ್ತು ಅಂತ ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ? ಟೇಪಲ್ಲಿ ಇಲ್ಲದ್ದನ್ನ ನಾನು ಒಪ್ಪೋ ಹಾಗಿಲ್ಲ. ಮತಕ್ಕೆ ಹಾಕೋಣ."

ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಿ ನನಗೆ ಕೈಕೊಟ್ಟಿತು. ಆರ್ಡಿತ್ ಮೊದಲ ಸಾಲಿನಲ್ಲಿ ನೆಟ್ಟಗೆ ಕೂತು ತೆರೆದ ಬಾಗಿಲಾಚೆಯ ಟ್ರಕ್ಕನ್ನು ನೋಡುತ್ತಿದ್ದಳು. ಅವಳ ಅಪ್ಪ ಬಳಿದ ಕೆಂಪು ಬಣ್ಣ ಬಿಸಿಲಿಗೆ ಮಾಸಿ ಇಟ್ಟಿಗೆ ಬಣ್ಣವಾಗಿತ್ತು. ಪ್ರೂವಿಟ್ ಕೈ ಎತ್ತಲು ಸಿದ್ಧರಾದರು.

ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಓರಿನ್ ಗಾಡಿಯಿಂದ ತಂದಿದ್ದ ಸವತಿಯನ್ನು ಕಂಕುಳಲ್ಲಿ ಹಿಡಿದು ಎದ್ದು ಬರುತ್ತಿದ್ದ. ನಮ್ಮ ಮಗಳ ಮದುವೆಯಲ್ಲಿ ಎರಡು ಮಾತಾಡು ಎಂದರೆ ಹಿತ್ತಲಿಗೆ ಓಡಿಹೋಗಿದ್ದವನು, ಅರವತ್ತು ಜನರ ನಡುವೆ ನಡೆದು ಬಂದು, ಸ್ಕ್ಯಾನರನ್ನು ಕಮಿಷನರುಗಳ ಮೇಜಿನ ಮೇಲಿಟ್ಟು, ಆಂಟೆನಾ ನೆಟ್ಟಗೆ ಮಾಡಿ, ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿದ. ಗೋಡೆಯ ಮೇಲಿನ ಫೋನನ್ನು ತೋರಿಸಿದ.

"ಕಂಟ್ರೋಲ್ ರೂಮಿಗೆ ಫೋನ್ ಮಾಡಿ. ಒಂಬತ್ತನ್ನ ಕರೀರಿ ಅನ್ನಿ," ಎಂದ.

ಅಷ್ಟೇ ಹೇಳಿದ್ದು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂಬುದು ಆ ಮಾತಾಡದ ಗಂಡಸಿಗೆ ಹೊಳೆದಿತ್ತು, ಊರೆಲ್ಲ ಮಾತಾಡುವ ನನಗೆ ಹೊಳೆದಿರಲಿಲ್ಲ.

ಪ್ರೂವಿಟ್ ನ್ಯಾಯವಂತರು. ಎದ್ದು ಹೋಗಿ ಫೋನು ಮಾಡಿದರು, ಎಲ್ಲರಿಗೂ ಕೇಳಲೆಂದು ಸ್ಪೀಕರು ಹಾಕಿದರು. ಆ ಕಡೆ ಶೆಲ್ಬಿ ಎಂಬ ಹುಡುಗಿ. ಪರೀಕ್ಷೆ ಮಾಡುತ್ತಿದ್ದೇವೆ, ಒಂಬತ್ತನ್ನು ಕರೆ, ಫೋನು ಇಡಬೇಡ ಎಂದರು. ಇಲ್ಲಿಯ ಸದ್ದು ಆ ಕಡೆ ಹೋಗದ ಹಾಗೆ ಫೋನಿನ ಬಾಯಿಗೆ ಅಂಗೈ ಮುಚ್ಚಿದರು, ತಾವು ಮಾತಾಡುವಾಗ ಮಾತ್ರ ತೆಗೆಯುತ್ತಿದ್ದರು. ಆರ್ಡಿತ್ ಹೊರಗೆ ಹೋಗಿ ಟ್ರಕ್ಕು ಹತ್ತಿದಳು.

ತಗ್ಗು ಸ್ವರ, ಆಮೇಲೆ ಎತ್ತರದ್ದು. ಏಳು ಜನರ ಸೊಂಟದ ಪೇಜರುಗಳೂ, ಮೇಜಿನ ಮೇಲಿನ ಸ್ಕ್ಯಾನರೂ ಒಟ್ಟಿಗೆ ಕೂಗಿದವು. ಟ್ರಕ್ಕಿನ ಗಾಜಿನ ಹಿಂದೆ ಆರ್ಡಿತ್ ಮೈಕು ಬಾಯಿಗೆ ಹಿಡಿದದ್ದು ಎಲ್ಲರಿಗೂ ಕಂಡಿತು. ಸ್ಕ್ಯಾನರು ಗೋಡೆ ನಡುಗುವ ಹಾಗೆ ಹೇಳಿತು.

"ಒಂಬತ್ತು, ಟ್ರಕ್ ಒಂದು. ಹೊರಟಿತು. ಒಬ್ಬಳೇ."

ಎಲ್ಲರೂ ಗೋಡೆಯ ಫೋನಿನ ಕಡೆ ತಿರುಗಿದರು. ಅಲ್ಲಿ ಮೌನ. ಹತ್ತು ಎಣಿಸುವಷ್ಟು ಹೊತ್ತು ಮೌನ. ಆಮೇಲೆ ಶೆಲ್ಬಿ ಬೇಸರದ ದನಿಯಲ್ಲಿ ಹೇಳಿದಳು, "ಉತ್ತರ ಇಲ್ಲ ಸರ್. ಒಂಬತ್ತು ಯಾವಾಗ್ಲೂ ಹೀಗೇನೇ. ಎರಡನೇ ಸಲ ಕರೀಲಾ?"

ಪ್ರೂವಿಟ್‌ರ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. "ಕರೀಮ್ಮ," ಎಂದರು.

ಮತ್ತೆ ಸ್ವರ. ಈ ಸಲ ಆರ್ಡಿತ್ ಮೈಕಿಗೆ ಕಿರುಚಿಯೇ ಬಿಟ್ಟಳು. "ಒಂಬತ್ತು, ಟ್ರಕ್ ಒಂದು! ಹೊರಟಿತು! ಹದಿನಾರು ತಿಂಗಳಿಂದ ಹೊರಡ್ತಾನೇ ಇದೆ!"

"ಊಹೂಂ, ಸದ್ದೇ ಇಲ್ಲ ಸರ್," ಎಂದಳು ಶೆಲ್ಬಿ. "ನಾಲ್ಕನೇ ಠಾಣೆಯವರನ್ನ ಕಳ್ಸಲಾ?"

ಮೊದಲು ನಕ್ಕವನು ಯಾರೋ ಗೊತ್ತಿಲ್ಲ. ಮರುಕ್ಷಣ ಠಾಣೆಯ ತಗಡಿನ ಸೂರು ಹಾರಿಹೋಗುವ ಹಾಗೆ ಗದ್ದಲವೆದ್ದಿತು. ಕುರ್ಚಿಗಳು ಉರುಳಿದವು, ಟೋಪಿಗಳು ಹಾರಿದವು, ಒಬ್ಬ ಮುದುಕ ತನ್ನ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದ. ಪ್ರೂವಿಟ್‌ರ ಅಂಗೈ ಫೋನಿನಿಂದ ಯಾವಾಗಲೋ ಜಾರಿತ್ತು. "ಏನಾಯ್ತು ಸರ್? ಅಲ್ಲೇನು ಬೆಂಕಿ ಬಿತ್ತಾ?" ಎಂದು ಶೆಲ್ಬಿ ಕೂಗಿ ಕೇಳುತ್ತಿದ್ದರೆ ಯಾರಿಗೆ ಉತ್ತರ ಕೊಡುವ ಪುರುಸೊತ್ತಿತ್ತು? ನಾನು ಓರಿನ್‌ಗೆ ಎಲ್ಲರೆದುರು ಮುತ್ತಿಟ್ಟೆ. ಅವನು ಕಿವಿವರೆಗೆ ಕೆಂಪಾದ.

ಗದ್ದಲ ಇಳಿದ ಮೇಲೆ ಪ್ರೂವಿಟ್ ನಿಂತುಕೊಂಡೇ ಮಾತಾಡಿದರು. "ತಪ್ಪು ನಮ್ಮದು. ಕೇಳ್ಸಲಿಲ್ಲ ಅನ್ನೋದನ್ನ ಹೇಳಲಿಲ್ಲ ಅಂತ ಬರ್ಕೊಂಡ್ವಿ. ಆರ್ಡಿತ್, ಈ ಊರಿನ ಎದುರಿಗೆ ನಿಮ್ಮ ಕ್ಷಮೆ ಕೇಳ್ತೀನಿ." ಠಾಣೆ ಮುಚ್ಚಬಾರದೆಂದು ಮೂರು ಕೈ ಎದ್ದವು. ದಿಣ್ಣೆಯ ಮೇಲೆ ಮತ್ತೆ ಕಂಬ ನಿಲ್ಲಿಸಬೇಕೆಂದು ಮೂರೂ ಕೈ ಮತ್ತೆ ಎದ್ದವು. ಕಂಬ ಏಳುವವರೆಗೆ ಒಂಬತ್ತು ಹೊರಡುವಾಗ ಗೋಡೆಯ ಫೋನಿನಿಂದಲೂ ತಿಳಿಸಬೇಕೆಂದು ಬರೆದುಕೊಂಡರು. ಹದಿನಾಲ್ಕು ಸಾಲನ್ನೂ ಪ್ರೂವಿಟ್ ತಮ್ಮ ಕೈಯಿಂದಲೇ ಅಡ್ಡಗೆರೆ ಎಳೆದು ತಿದ್ದಿದರು, ನಾನು ಪಕ್ಕದಲ್ಲೇ ನಿಂತು ಒಂದನ್ನೂ ಬಿಡದೆ ನೋಡಿಕೊಂಡೆ.

ಆರ್ಡಿತ್ ನಮ್ಮ ಹತ್ತಿರ ಬಂದಳು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಓರಿನ್‌ನ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಮೇ ಐದು," ಎಂದಳು. "ಅವತ್ತು ಯಾರೂ ಸಿಗಲಿಲ್ಲ. ಒಬ್ಬಳೇ ಹೋದೆ. ಲೋಕದಲ್ಲಿ ಒಬ್ಬರಿಗೂ ನಾನು ಹೋಗಿರೋದು ಗೊತ್ತಿಲ್ಲ ಅನ್ನಿಸ್ತಿತ್ತು."

"ನಮಗೆ ಗೊತ್ತಿತ್ತು," ಎಂದ ಓರಿನ್. ಆಮೇಲೆ ತಲೆ ತಗ್ಗಿಸಿ, "ಆ ಸೊನ್ನೆ ಹಾಕ್ದಾಗ್ಲೇ ಯಾರಿಗಾದ್ರೂ ಹೇಳ್ಬೇಕಿತ್ತು. ತಪ್ಪಾಯ್ತು" ಎಂದ.

ಅವಳು ಅವನ ಭುಜಕ್ಕೊಂದು ಗುದ್ದಿದಳು. ಬೆಂಕಿ ಆರಿಸುವವಳ ಗುದ್ದು; ಮಗಳ ಮನೆ ತಲುಪುವವರೆಗೂ ಅವನು ಭುಜ ನೀವಿಕೊಳ್ಳುತ್ತಿದ್ದ.

ಅಕ್ಟೋಬರಿನ ಮೊದಲ ಶುಕ್ರವಾರ ದಿಣ್ಣೆಯ ಮೇಲೆ ನಮ್ಮ ಸಿಮೆಂಟಿನ ಮೇಜಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಹೊಸ ಕಂಬ ನಿಂತಿತ್ತು, ಅದರ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಗಾಳಿ ತಣ್ಣಗಿತ್ತು. ಸ್ಯಾಂಡ್‌ವಿಚ್ ಬಿಚ್ಚಿದೆವು. ಅಭ್ಯಾಸಬಲದಿಂದ ನನ್ನ ಕೈ ತಿರುಪಿನ ಮೇಲೆ ಹೋಗಿ ದನಿ ತಗ್ಗಿಸಿತು. ಓರಿನ್ ಪೆನ್ಸಿಲು ಚೂಪು ಮಾಡುತ್ತಿದ್ದ.

ಹಸು ಕೂಗಿತು, ಕರು ಓಗೊಟ್ಟಿತು. ಹುಲ್ಲು ಕಟ್ಟುವ ಯಂತ್ರದಲ್ಲಿ ಹೊಗೆ, ಹನ್ನೆರಡನೇ ಅಡ್ಡರಸ್ತೆ, ಎಂದಳು ಶೆಲ್ಬಿ. ಅರೆ ನಿಮಿಷ ಕಳೆಯಿತು. ನಮ್ಮಿಬ್ಬರ ಬಾಯೂ ಅಗಿಯುವುದನ್ನು ನಿಲ್ಲಿಸಿತ್ತು.

"ಒಂಬತ್ತು, ಟ್ರಕ್ ಒಂದು. ಹೊರಟಿತು. ಮೂವರು."

"ಒಂಬತ್ತು, ಕೇಳಿಸಿತು."

ಅಲ್ಲಿಗೆ ಮುಗಿಯಬೇಕಿತ್ತು. ಒಂದ್ಸಲ ಹೇಳು, ಬಾಯ್ಮುಚ್ಚು, ಓಡು. ಆದರೆ ರೇಡಿಯೊ ಮತ್ತೆ 'ಕ್ಲಿಕ್' ಎಂದಿತು. ಸೈರನ್ನು ಇನ್ನೂ ಶುರುವಾಗಿರಲಿಲ್ಲ. ಸಭೆಯ ಆ ಒಂದು ದಿನ ಬಿಟ್ಟರೆ ಹತ್ತೊಂಬತ್ತು ವರ್ಷದಲ್ಲಿ ಒಂದು ಅಕ್ಷರವನ್ನೂ ಹೆಚ್ಚಿಗೆ ಆಡದವಳು ಹೇಳಿದಳು:

"ಶೆಲ್ಬಿ, ಇನ್ನೊಂದ್ಸಲ ಹೇಳು."

ಶೆಲ್ಬಿಗೆ ಕಾರಣ ಅರ್ಥವಾಗಿರಬೇಕು. ಈ ಸಲ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದಳು.

"ಒಂಬತ್ತು. ಚೆನ್ನಾಗಿ. ಕೇಳಿಸಿತು."

ಅಷ್ಟರಲ್ಲಿ ನಾನು ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿಬಿಟ್ಟಿದ್ದೆ.